ಕಸದಬುಟ್ಟಿಯ ಕನ್ನಡ

ಬೇರೆಯವರು ಬರೆದದ್ದರಲ್ಲಿ ತಪ್ಪು ಕಂಡರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಒಳ್ಳೆಯ ಗುಣವಲ್ಲ, ಗೊತ್ತು. ಆದರೆ ಕೆ.ಆರ್. ನಗರದಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ಇಟ್ಟವಳಿಗೆ ಈ ಚಾಳಿ ಹತ್ತದೆ ಇರುವುದೂ ಕಷ್ಟ. ಮದುವೆಮನೆಗೆ ಹೋದರೆ ಹೆಣ್ಣುಗಂಡು ನೋಡುವುದಕ್ಕೆ ಮೊದಲು ಬಾಗಿಲಿನ ಬ್ಯಾನರು ಓದುತ್ತೇನೆ. 'ಸುಸ್ವಾಗತ'ದಲ್ಲಿ ಒತ್ತು ತಪ್ಪಿದ್ದರೆ ಅವತ್ತು ಪಾಯಸ ಎರಡು ಸಲ ಹಾಕಿಸಿಕೊಳ್ಳುತ್ತೇನೆ.

ಅಂಗಡಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಆನ್ ಮಾಡಿ, ಕಸ ಗುಡಿಸಿ, ನೀರು ಚಿಮುಕಿಸಿ, ಕಾಫಿ ಕುಡಿದು ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಹುಣಸೂರಿನಲ್ಲಿ ಹೈಸ್ಕೂಲ್ ಮೇಡಂ ಆಗಿರುವ ಗೆಳತಿ ಸುಧಾ ಒಂದು ಭಾನುವಾರ ಪೆನ್‌ಡ್ರೈವ್ ತಂದು, ಓಪನ್ ಸೋರ್ಸ್ ಅನ್ನುವ ಬಗೆಯ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಳು. "ಇದು ಎಲ್ಲರ್ದೂ ಕಣೇ. ಪುಕ್ಕಟೆ. ತಪ್ಪು ಕಂಡ್ರೆ ನೀನೇ ತಿದ್ಬೋದು" ಎಂದಳು. ಪುಕ್ಕಟೆ ಅನ್ನುವುದಕ್ಕಿಂತ ಕೊನೆಯ ಮಾತೇ ನನಗೆ ಹಿಡಿಸಿತು. ಕಂಪ್ಯೂಟರು ಚುರುಕಾಯಿತು, ಪರದೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಕೂತೆ.

ನನಗೊಂದು ಕೆಟ್ಟ ಅಭ್ಯಾಸ. ಮುಗಿದ ಫೈಲನ್ನು ಕಂಪ್ಯೂಟರಿನ ಕಸದಬುಟ್ಟಿಗೆ ಎಸೆದು, ಬೇಕಾದಾಗ ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ಭೇರ್ಯದ ಒಂದು ಮನೆಯ ಲಗ್ನಪತ್ರಿಕೆಯೂ ಅಲ್ಲೇ ಇತ್ತು. ದೊಡ್ಡಪ್ಪನ ಹೆಸರು ಮೇಲೋ ಸೋದರಮಾವನದು ಮೇಲೋ ಎಂದು ಆ ಮನೆಯವರು ವಾರಗಟ್ಟಲೆ ಜಗಳವಾಡಿ ಕೊನೆಗೂ ಒಪ್ಪಿದ್ದ ಪ್ರತಿ ಅದು. ನಾನು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುವವರು ನಮ್ಮತ್ತೆ ಗೌರಮ್ಮ. ಏಳನೇ ಕ್ಲಾಸಿನವರೆಗೆ ಓದಿದವರು, ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾರೆ. ಅವತ್ತು ಬಂದು ನೋಡಿದರೆ ಪತ್ರಿಕೆ ಇಲ್ಲ.

"ಅತ್ತೆ, ಏನ್ ಒತ್ತಿದ್ರಿ?"

"ಬುಟ್ಟಿ ತುಂಬಿದಂಗೆ ಕಾಣ್ತಿತ್ತು ಕಣವ್ವ. ಒಳಗ್ ನೋಡುದ್ರೆ 'ಕಾಲಿ ಕಸದಬುಟ್ಟಿ' ಅಂತ ಬರ್ದದೆ. ಯಾವ್ದು ದಿಟ ಅಂತ ಒತ್ತಿ ನೋಡ್ದೆ. ಅದೇನೋ ಕೇಳ್ತು, ಊ ಅಂದೆ."

ಅತ್ತೆಯದೇನು ತಪ್ಪು? ಬುಟ್ಟಿಯನ್ನು ಖಾಲಿ ಮಾಡುವ ಗುಂಡಿಯ ಮೇಲೆ ಯಾರೋ ಪುಣ್ಯಾತ್ಮರು ಇಂಗ್ಲಿಷಿನ 'ಎಂಪ್ಟಿ ಟ್ರ್ಯಾಶ್' ಅನ್ನು ಪದಕ್ಕೆ ಪದ ಇಳಿಸಿ 'ಖಾಲಿ ಕಸದಬುಟ್ಟಿ' ಎಂದು ಬರೆದುಬಿಟ್ಟಿದ್ದರು. ಭೇರ್ಯದವರಿಗೆ ಫೋನ್ ಮಾಡಿ ಹೆಸರುಗಳನ್ನು ಮತ್ತೆ ಕೇಳಿದೆ. ಅಲ್ಲಿ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು.

ಆ ಸಿಟ್ಟಿಗೆ ಆ ಹೊಸ ಸಿಸ್ಟಮ್ ಮಾಡಿದವರಿಗೊಂದು ದೂರು ಬರೆದೆ. "ಧನ್ಯವಾದ. ದಯವಿಟ್ಟು ನೀವೇ ತಿದ್ದಿ" ಎಂದು ಉತ್ತರ ಬಂತು. ನಮ್ಮ ಯಾವ ಕಚೇರಿಯೂ ನನಗೆ ಇಷ್ಟು ಗೌರವ ಕೊಟ್ಟಿರಲಿಲ್ಲ. ಸುಧಾಳಿಗೆ ಫೋನ್ ಮಾಡಿ ಖಾತೆ ತೆರೆದೆ, ಕನ್ನಡ ಅನುವಾದದ ತಂಡಕ್ಕೆ ಸೇರಿದೆ. "ಅತ್ತೆ, ಈ ಗುಂಡಿ ಮೇಲೆ ಏನಿರ್ಬೇಕಿತ್ತು?" ಎಂದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಕಸದಬುಟ್ಟಿ ಕಾಲಿ ಮಾಡು ಅಂತ ಬರಿ. ಅದ್ಕೇನ್ ಪಂಡಿತ್ರು ಬೇಕಾ?" ಎಂದರು. ಅವರು ಹೇಳಿದಂತೆಯೇ ಟೈಪ್ ಮಾಡಿ ಕಳಿಸಿದೆ.

ತಂಡದಲ್ಲಿ ಅದನ್ನು ನೋಡಿ ಒಪ್ಪಬೇಕಾದವರು ಕರಾವಳಿಯ ಕಡೆಯ ಒಬ್ಬ ಹಿರಿಯರು. ನಾನು ಅವರ ಮುಖ ಕಂಡವಳಲ್ಲ. 'ರಿಕ್ತಗೊಳಿಸು' ಎಂಬುದು ಹೆಚ್ಚು ಶುದ್ಧ ಎಂದು ಬರೆದರು. ನನಗೆ ರೇಗಿತು. ಕೆ.ಆರ್. ನಗರದ ಸಂತೆಯಲ್ಲಿ 'ಚೀಲ ರಿಕ್ತಗೊಳಿಸು' ಎಂದರೆ ಯಾರಾದರೂ ಆಸ್ಪತ್ರೆಗೆ ಸೇರಿಸುತ್ತಾರೆ ಎಂದು ಬರೆದೆ. ಅವರು ಹಳಗನ್ನಡ ತೆಗೆದರು, ನಾನು ಅತ್ತೆಯನ್ನು ತೆಗೆದೆ. ಎರಡು ವಾರ ನಡೆಯಿತು. ಕೊನೆಗೊಂದು ದಿನ, "ನಿಮ್ಮ ಅತ್ತೆಯವರಿಗೆ ನಮಸ್ಕಾರ. ಒಪ್ಪಿದೆ" ಎಂದು ಬರೆದರು. ಅವತ್ತು ಅಂಗಡಿಗೆ ಬಂದವರಿಗೆಲ್ಲ ಮೈಸೂರುಪಾಕು ಕೊಟ್ಟೆ. ಯಾತಕ್ಕೆಂದು ಕೇಳಿದವರಿಗೆ ಅರ್ಧ ಗಂಟೆ ವಿವರಿಸಿದೆ. ಆಮೇಲೆ ಯಾರೂ ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಹೊಸ ಅಪ್‌ಡೇಟ್ ಬಂತು. ಅತ್ತೆಯನ್ನು ಕೂರಿಸಿ, ಕನ್ನಡಕ ಕೊಟ್ಟು, "ನೋಡಿ, ನಿಮ್ಮ ಮಾತು! ಪ್ರಪಂಚದಲ್ಲಿ ಯಾರೇ ಕನ್ನಡದಲ್ಲಿ ಇದನ್ನ ತೆಗೆದ್ರೂ ಇದೇ ಕಾಣೋದು" ಎಂದೆ. ಅತ್ತೆ ಪರದೆಗೆ ಮೂಗು ತಾಗಿಸಿ ಓದಿದರು.

"ಅಲ್ಲ ಕಣವ್ವ, 'ಕಾಲಿ'ಗೆ ದೊಡ್ಡ ಖ ಅಲ್ವಾ? ಇಂಗ್ ಬರುದ್ರೆ ನಮ್ ಮೇಷ್ಟ್ರು ಕಿವಿ ಇಂಡೋರು."

ನೋಡಿದೆ. ಅಲ್ಪಪ್ರಾಣದ ಕ, ಕಾಲು ಚಾಚಿಕೊಂಡು ಕೂತಿತ್ತು. ರಿಕ್ತವೋ ಖಾಲಿಯೋ ಎಂಬ ಕದನದಲ್ಲಿ ಇಬ್ಬರು ವಿದ್ವಾಂಸರೂ ಅಕ್ಷರವನ್ನೇ ನೋಡಿರಲಿಲ್ಲ.

"ನೀವು ಹಂಗೇ ಅಂದ್ರಲ್ಲ ಅತ್ತೆ!"

"ನಾನು ಅಂದೆ ಕಣವ್ವ. ಬರ್ದೋಳು ನೀನು."

ಆ ಗಳಿಗೆಯಲ್ಲೇ ತಿದ್ದುಪಡಿ ಕಳಿಸಿದೆ. ಕಾರಣ ಕೇಳಿದ ಜಾಗದಲ್ಲಿ 'ಕಾಗುಣಿತದ ತಪ್ಪು' ಎಂದು ಬರೆದೆ. ಯಾರದೆಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ತಪ್ಪಿದ್ದ ಆ ಸಾಲಿನ ಪಕ್ಕದಲ್ಲೇ, ಅನುವಾದ ಮಾಡಿದವರು ಎಂದು ನನ್ನ ಹೆಸರು, ಇನಿಷಿಯಲ್ ಸಮೇತ, ಒಂದಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು.