ಗೆರೆಯೊಳಗಿನ ಮಹಾನಗರ

ಮಹಾನಗರಕ್ಕೆ ಹೋಗುವುದೋ ಬೇಡವೋ ಎಂದು ನೌಕರರು ಮನಸ್ಸಿನಲ್ಲೇ ಯೋಚಿಸುವುದನ್ನು ಕಂಪನಿಯು ಕಳೆದ ವರ್ಷದಿಂದ ನಿಷೇಧಿಸಿದೆ. ಮನಸ್ಸಿನಲ್ಲಿ ನಡೆದದ್ದಕ್ಕೆ ದಾಖಲೆ ಇರುವುದಿಲ್ಲ ಎಂಬುದು ಕಾರಣ.

ಲಿಫ್ಟುಗಳು ಯಾವ ಮಹಡಿಯಲ್ಲಿ ನಿಲ್ಲಬೇಕೆಂದು ಹೇಳುವ ತಂತ್ರಾಂಶವನ್ನು ಈ ಕಂಪನಿ ತಯಾರಿಸುತ್ತದೆ. ಅದರ ಚಿಕ್ಕ ಊರಿನ ಶಾಖೆಯಲ್ಲಿ ಹದಿನಾಲ್ಕು ವರ್ಷ ದುಡಿದ, ಬೀದಿಯವರೆಲ್ಲ ಎಂಜಿನಿಯರಮ್ಮ ಎಂದೇ ಕರೆಯುವ ಹೆಂಗಸಿಗೆ ಮಹಾನಗರದ ಮುಖ್ಯ ಕಚೇರಿಯಿಂದ ವರ್ಗಾವಣೆಯ ಪತ್ರ ಬಂತು. ಸಂಬಳ ಇಲ್ಲಿಯ ಎರಡರಷ್ಟು, ಬಾಡಿಗೆ ಇಲ್ಲಿಯ ಐದರಷ್ಟು. ಪತ್ರದ ಜೊತೆಗೇ ಮೂವತ್ತು ದಿನಗಳ ಯೋಚನಾವಧಿ ಮಂಜೂರಾಗಿತ್ತು. ಸದರಿ ಅವಧಿಯಲ್ಲಿ ನೌಕರರು ಮಹಾನಗರದ ಬದುಕನ್ನು ಸ್ವಂತ ಮನೆಯಲ್ಲೇ ತಾಲೀಮು ಮಾಡತಕ್ಕದ್ದು. ಪಾಸಾದವರು ಹೊರಡತಕ್ಕದ್ದು. ನಪಾಸಾದವರನ್ನು ಕಾಲಕ್ಕೆ ಒಗ್ಗದವರೆಂದು ಪರಿಗಣಿಸಿ ಕೆಲಸದಿಂದ ಬಿಡುಗಡೆ ಮಾಡತಕ್ಕದ್ದು.

ಎಂಜಿನಿಯರಮ್ಮನಿಗೆ ಕೆಲಸವೂ ಬೇಕಿತ್ತು, ಮನೆಯೂ ಬೇಕಿತ್ತು. ಮನೆಯೆಂದರೆ ಅವಳ ಮಟ್ಟಿಗೆ ಮುಂಬಾಗಿಲಿನ ಮೂರು ಮೆಟ್ಟಿಲು. ಸಂಜೆ ಕಚೇರಿಯಿಂದ ನಾಲ್ಕು ನಿಮಿಷ ನಡೆದು ಬಂದು, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಗಂಡನ ಪಕ್ಕ ಅಲ್ಲಿ ಕೂತು ಕಾಫಿ ಕುಡಿಯುವುದು. ಅದರ ಬಗ್ಗೆ ಬರೆಯಲು ಪತ್ರದ ಜೊತೆ ಬಂದ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಮೊದಲ ದಿನ ಮುಖ್ಯ ಕಚೇರಿಯಿಂದ ಪರಿವೀಕ್ಷಕರು ಅಳತೆಪಟ್ಟಿ ಹಿಡಿದು ಬಂದರು.

“ನಿಮ್ಮ ಹೊಸ ಸಂಬಳಕ್ಕೆ ಅಲ್ಲಿ ಸಿಗೋದು ಐದಡಿ ಅಗಲ, ಆರಡಿ ಉದ್ದ. ಹಾಲ್‌ನಲ್ಲೇ ಗುರುತು ಮಾಡಿಕೊಳ್ಳಿ.”

ಮೇಷ್ಟ್ರು ಸೀಮೆಸುಣ್ಣ ತಂದು ಮಂಡಿಯೂರಿದರು.

“ರೀ, ಒಂದಡಿ ಜಾಸ್ತಿ ಎಳೀರಿ,” ಎಂದು ಅವಳು ಪಿಸುಗುಟ್ಟಿದಳು.

“ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಳತೆ ತಪ್ಪಬೇಡಿ ಅಂತ ಕಿವಿ ಹಿಂಡಿದೀನಿ ಕಣೇ. ಈಗ ನಾನೇ ತಪ್ಪಲಾ?”

ಗೆರೆ ನೂಲು ಹಿಡಿದಂತೆ ಬಂತು. ಸೋಫಾದ ಎಡಭಾಗ ಮಹಾನಗರಕ್ಕೂ ಬಲಭಾಗ ಮನೆಗೂ ಸೇರಿತು. ಹಾಸಿಗೆ ಹಾಸಿ ನೋಡಿದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೇನೇ ಗೆರೆ ದಾಟ್ತಾ ಇದೆಯಲ್ಲಪ್ಪ!”

“ಮೂಲೆಯಿಂದ ಮೂಲೆಗೆ ಹಾಸಿ ಅಮ್ಮ. ಅಲ್ಲಿ ಎಲ್ಲರೂ ಹಾಗೇ ಮಲಗೋದು,” ಎಂದರು ಪರಿವೀಕ್ಷಕರು.

“ಎಲ್ಲರೂನಾ?”

“ಡೈರೆಕ್ಟರ್ ಒಬ್ಬರನ್ನ ಬಿಟ್ಟು.”

ಗೆರೆಯೊಳಗೆ ಒಂದು ಕಿಟಕಿ ಬಂದಿತ್ತು, ಅದರಾಚೆ ಮರವಿತ್ತು. ಆ ಬಾಡಿಗೆಗೆ ಮರ ಬರುವುದಿಲ್ಲವೆಂದು ಪರಿವೀಕ್ಷಕರು ಆಕ್ಷೇಪಿಸಿದರು. ಮೇಷ್ಟ್ರು ರಟ್ಟಿನ ಮೇಲೆ ಪಕ್ಕದ ಕಟ್ಟಡದ ಗೋಡೆಯೊಂದನ್ನು ಬರೆದು, ಒಂದು ಕೊಳವೆ, ಸ್ವಲ್ಪ ಪಾಚಿ ಸೇರಿಸಿ ಕಿಟಕಿಗೆ ಕಟ್ಟಿದರು. ಪರಿವೀಕ್ಷಕರು ಅದರ ಮುಂದೆ ಬಹಳ ಹೊತ್ತು ನಿಂತರು. “ಥೇಟ್ ನಮ್ಮ ಮನೆ ಥರಾನೇ ಇದೆ,” ಎಂದು ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಕಂಪನಿಯ ವ್ಯಾನು ಬಂದು ಮನೆಯ ಮುಂದೆ ನಿಂತಿತು. ಎಂಜಿನಿಯರಮ್ಮ ಅದರಲ್ಲಿ ಒಂದು ಗಂಟೆ ಐವತ್ತು ನಿಮಿಷ ಕೂತು, ಆಮೇಲೆ ಇಳಿದು ಕಚೇರಿಗೆ ನಡೆದು ಹೋಗಬೇಕು. ಸಂಜೆಯೂ ಹಾಗೆಯೇ. ಚಾಲಕ ನಿಯಮದ ಪ್ರಕಾರ ನಾಲ್ಕು ನಿಮಿಷಕ್ಕೊಮ್ಮೆ ಹಾರನ್ ಹೊಡೆದು ಯಾರನ್ನೋ ಬೈಯುತ್ತಿದ್ದ. ಎರಡನೆಯ ದಿನ ಅತ್ತೆ ವ್ಯಾನಿನ ಕಿಟಕಿಯಿಂದ ಬಿಸಿ ತಿಂಡಿ ಕೊಟ್ಟದ್ದಕ್ಕೆ ಎರಡು ಅಂಕ ಕಳೆಯಲಾಯಿತು. ಎರಡನೆಯ ವಾರ ಚಾಲಕನೇ, “ಸೋಮವಾರ ಅರ್ಧ ಗಂಟೆ ಬೇಗ ಬನ್ನಿ ಮೇಡಂ, ಅವತ್ತು ಟ್ರಾಫಿಕ್ ಜಾಸ್ತಿ,” ಎಂದ. ನಿಂತ ವ್ಯಾನಿಗೆ ಎಲ್ಲಿಯ ಟ್ರಾಫಿಕ್ ಎಂದು ಅವಳು ಕೇಳಲಿಲ್ಲ. ಅರ್ಧ ಗಂಟೆ ಬೇಗ ಎದ್ದಳು.

ಪಾಸೂ ಆಗದೆ ನಪಾಸೂ ಆಗದೆ ನಡುವೆ ಎಲ್ಲಾದರೂ ನಿಂತುಬಿಡಬೇಕೆಂಬುದು ಅವಳ ಲೆಕ್ಕಾಚಾರ. ಆದರೆ ಒಪ್ಪಿಸಿದ ಕೆಲಸವನ್ನು ಕೆಡಿಸಿ ಅಭ್ಯಾಸವಿರದ ಜೀವ. ಮೂರನೆಯ ವಾರ ಎದುರು ಮನೆಯಾಕೆ, “ಏನಮ್ಮ, ಚೆನ್ನಾಗಿದೀಯಾ?” ಎಂದಾಗ, “ಯಾರು ಬೇಕಿತ್ತು?” ಎಂದು ಕೇಳಿಬಿಟ್ಟಳು. ಪರಿವೀಕ್ಷಕರು ಅದಕ್ಕೆ ಐದು ಹೆಚ್ಚುವರಿ ಅಂಕ ಕೊಟ್ಟರು.

ಮೂವತ್ತೊಂದನೆಯ ದಿನ ಆದೇಶ ಬಂತು. ಪರಿವೀಕ್ಷಕರು ಎದ್ದುನಿಂತು ಓದಿದರು:

“ಸದರಿ ನೌಕರರು ಮೂವತ್ತು ದಿನಗಳ ಕಾಲ ಮಹಾನಗರದಲ್ಲಿ ತೃಪ್ತಿಕರವಾಗಿ ವಾಸಿಸಿರುವುದು ದಾಖಲೆಗಳಿಂದ ಸಾಬೀತಾಗಿದೆ. ಈಗಾಗಲೇ ಅಲ್ಲಿರುವವರನ್ನು ಮತ್ತೆ ಅಲ್ಲಿಗೆ ಕಳಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.”

ಅವಳಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ನಾನು ಮನೇಲೇ ಇರಬಹುದಾ ಸರ್?”

“ರಜೆ ಇದ್ದಾಗ ಧಾರಾಳವಾಗಿ ಹೋಗಿ ಬನ್ನಿ. ಬಾಡಿಗೆ ಮಾತ್ರ ತಿಂಗಳ ಮೊದಲನೇ ತಾರೀಕು ಸಂಬಳದಲ್ಲೇ ಹಿಡ್ಕೋತೀವಿ.”

“ಯಾರ ಮನೆ ಬಾಡಿಗೆ?” ಎಂದರು ಅತ್ತೆ. “ಈ ಮನೆ ನಮ್ಮ ಯಜಮಾನರು ಕಟ್ಟಿಸಿದ್ದು.”

“ಮನೆ ನಿಮ್ಮದೇ ಅಮ್ಮ. ಗೆರೆಯೊಳಗಿನ ಜಾಗ ಮಾತ್ರ ಮಹಾನಗರದ್ದು. ಅಲ್ಲಿ ರೇಟು ನಮ್ಮ ಕೈಲಿಲ್ಲ.”

ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ಬೀದಿಯವರು ಬಂದು ಅಭಿನಂದಿಸಿದರು. ಎದುರು ಮನೆಯಾಕೆ, ಅಲ್ಲಿ ತನ್ನ ತಮ್ಮನ ಮಗನಿಗೂ ಒಂದು ಕೆಲಸ ನೋಡೆಂದಳು.

ಒಂದು ಸಂಜೆ ಮೇಷ್ಟ್ರು ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದರು. ಹಾಲ್‌ನಲ್ಲಿ, ಗೆರೆಯೊಳಗೆ, ಅವಳ ಫೋನು ಹೊಡೆದುಕೊಂಡಿತು.

“ಯಾವಾಗ ಬರ್ತೀಯೇ?”

“ವರ್ಷದ ಕೊನೇಲಿ ನಾಲ್ಕು ದಿನ ರಜೆ ಇದೆ ರೀ. ಟಿಕೆಟ್ ಸಿಕ್ಕರೆ ನೋಡ್ತೀನಿ.”

“ಊಟ ಸೇರುತ್ತಂತಾ ಕೇಳೋ,” ಎಂದರು ಅತ್ತೆ, ಗೆರೆಯ ಪಕ್ಕ ನೆಲ ಒರೆಸುತ್ತಾ. ಆಮೇಲೆ ಸೊಸೆಯನ್ನೇ ನೋಡಿ ನಿಟ್ಟುಸಿರುಬಿಟ್ಟರು: “ಹೋದ ಮೇಲೆ ಸೊರಗಿಹೋಗಿದಾಳೆ ಪಾಪ.”

ಒರೆಸುಬಟ್ಟೆ ತಾಗಿ ಬಾಗಿಲ ಕಡೆಯ ಗೆರೆ ಒಂದು ಗೇಣಿನಷ್ಟು ಅಳಿಸಿತ್ತು. ಎಂಜಿನಿಯರಮ್ಮ ಅದನ್ನು ನೋಡಿದಳು. ಮೇಷ್ಟ್ರೂ ನೋಡಿದರು. ಎರಡನೆಯ ಲೋಟದಿಂದ ಇನ್ನೂ ಹಬೆಯಾಡುತ್ತಿತ್ತು.

ಮೇಷ್ಟ್ರು ಎದ್ದು ಒಳಗೆ ಬಂದು, ಜೇಬಿನಿಂದ ಸೀಮೆಸುಣ್ಣ ತೆಗೆದು ಮಂಡಿಯೂರಿದರು.

“ಸ್ವಲ್ಪ ಎಡಕ್ಕೆ ರೀ,” ಎಂದಳು ಅವಳು ಫೋನಿನಲ್ಲಿ. “ಸೊಟ್ಟಗಾಗ್ತಿದೆ.”