ಹೈಸ್ಕೂಲಿನ ಓಟು, ಹುಣಸೆಮರದ ನೆರಳು

ನಾನು ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ಮಾರನೇ ದಿನ, ಸೋಮವಾರ. ಅವತ್ತು ಮೇಷ್ಟರಿಗೆ ಹದಿಮೂರರ ಮಗ್ಗಿ ಒಪ್ಪಿಸಬೇಕಿತ್ತು. ಮೂರನೇ ಕ್ಲಾಸಿನ ಸ್ಲೇಟನ್ನು ಬೇಲಿಗೆ ಸಿಗಿಸಿ ಹೊರಟವನು ಎಷ್ಟೋ ಊರು ಸುತ್ತಿದೆ. ಆದರೆ ಶಾಲೆ ಬಿಟ್ಟವನನ್ನು ಶಾಲೆ ಸುಮ್ಮನೆ ಬಿಡುವುದಿಲ್ಲ. ಎಲ್ಲಾದರೂ ಅಡ್ಡ ಬಂದು ನಿಲ್ಲುತ್ತಲೇ ಇರುತ್ತದೆ.

ರಾಜ್ಯಕ್ಕಿನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲ. ತೂಬಗೆರೆ ಕಡೆ ಅಕ್ಕಪಕ್ಕದ ಎರಡು ಊರಿಗೆ ಸೇರಿ ಒಂದೇ ಹೈಸ್ಕೂಲು ಮಂಜೂರಾಗಿತ್ತು. ಮೇಲಿನೂರಿಗೋ ಕೆಳಗಿನೂರಿಗೋ ಅಂತ ಜಗಳ ಹತ್ತಿತು. ಇಲಾಖೆ ಸಾಹೇಬರು, "ನೀವೇ ಓಟು ಮಾಡ್ಕೊಳ್ಳಿ, ನಾನು ಬಂದು ತಲೆ ಎಣಿಸ್ತೀನಿ" ಅಂದುಬಿಟ್ಟರು.

ಮೇಲಿನೂರಿನ ಚೇರ್ಮನ್ನರು ನನ್ನನ್ನು ಪ್ರಚಾರಕ್ಕೆ ಹಿಡಿದರು. "ಗೆಲ್ಸಿಕೊಡಪ್ಪಾ, ಗಂಟೆ ಹೊಡೆಯೋ ಜವಾನನ ಕೆಲಸ ನಿಂದೇ." ತಿರುಗಿ ತಿರುಗಿ ಕಾಲು ಸೋತಿತ್ತು. ಒಂದು ಕಡೆ ನಿಲ್ಲುವ ಆಸೆ ಹುಟ್ಟಿದ್ದು ಆವಾಗಲೇ.

ಅಜ್ಜಿಯ ಓಟು

ಮೊದಲ ಮನೆಯಲ್ಲೇ ಒಬ್ಬ ಅಜ್ಜಿ ಅಡ್ಡ ಹಾಕಿದಳು. "ಹೈಕ್ಳೆಲ್ಲಾ ಓದಾಕೆ ಹೋದ್ರೆ ಹಸ ಮೇಯ್ಸೋರು ಯಾರ್ಲಾ?"

"ಓದು ಬಂದ್ರೆ ಬುದ್ಧಿ ಬರ್ತದೆ ಕಣಜ್ಜಿ" ಅಂದರು ಚೇರ್ಮನ್ನರು.

ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು. "ಇವನೆಷ್ಟು ಓದವ್ನೆ?"

"ಮೂರನೇ ಕ್ಲಾಸು" ಅಂದೆ.

"ಹಂಗಾರೆ ಸರಿ. ಇವನನ್ನ ಬಿಟ್ಟೋಗು, ಓಟು ನಿಂದೇ."

ಮೂರು ದಿನ ಹಸು ಕಾದೆ. ವಿದ್ಯೆಯ ಮಹತ್ವವನ್ನು ಆ ಹಸುಗಳಿಗೆ ಹೇಳಿದಷ್ಟು ಇನ್ಯಾರಿಗೂ ಹೇಳಲಿಲ್ಲ.

ಸೊಸೆಯರ ಹರಕೆ

ಎರಡೂ ಊರಿನ ನಡುವೆ ಹೆಣ್ಣು ಕೊಟ್ಟು ತಂದ ನಂಟು. ಚೇರ್ಮನ್ನರ ಹೆಂಡತಿಯೇ ಕೆಳಗಿನೂರಿನ ಮಗಳು. ಆಕೆ ಮುದ್ದೆ ಬಡಿಸುತ್ತಾ ನೆಟ್ಟಗೆ ಹೇಳಿದರು: "ನನ್ನ ಓಟು ನಮ್ಮಪ್ಪನ ಊರಿಗೆ."

ಚೇರ್ಮನ್ನರು ಮುದ್ದೆ ನುಂಗುವಷ್ಟರಲ್ಲಿ ಉಪಾಯ ಹುಡುಕಿದರು. ಕೆಳಗಿನೂರಿನಿಂದ ಬಂದ ಸೊಸೆಯರನ್ನೆಲ್ಲ ಓಟಿನ ಹಿಂದಿನ ದಿನವೇ ಗಾಡಿ ಕಟ್ಟಿಸಿ, "ಹರಕೆ ಬಾಕಿ ಅದೆ" ಅಂತ ಘಾಟಿ ಸುಬ್ರಹ್ಮಣ್ಯಕ್ಕೆ ಸಾಗಹಾಕಿದರು. ಕೆಳಗಿನೂರಿನವರೇನು ಕಡಿಮೆಯೇ? ಅವರೂ ಮೇಲಿನೂರಿನಿಂದ ತಂದ ಸೊಸೆಯರನ್ನು ಅಲ್ಲಿಗೇ ಕಳಿಸಿದ್ದರು.

ಸಂಜೆ ವಾಪಸ್ ಬಂದ ಗಾಡಿಯವನು ಸುದ್ದಿ ತಂದ. ಹೆಂಗಸರೆಲ್ಲ ಅಲ್ಲಿ ತಾವೇ ಕೈ ಎತ್ತಿ ಓಟು ಮಾಡಿದರಂತೆ: ಸ್ಕೂಲು ಎಲ್ಲಾದರೂ ಆಗಲಿ, ವರ್ಷಕ್ಕೆರಡು ಸಲ ಇಂಥ ಓಟು ಬರಲಿ!

ತಲೆ ಎಣಿಕೆ

ಎರಡೂ ಊರಿನ ಎಲ್ಲೆಯಲ್ಲಿ ಒಂದು ಹುಣಸೆಮರ. ಅದರ ಪಡುವಲಿಗೆ ನಿಂತವರು ಮೇಲಿನೂರಿಗೆ, ಮೂಡಲಿಗೆ ನಿಂತವರು ಕೆಳಗಿನೂರಿಗೆ ಅಂತ ಲೆಕ್ಕ. ಪಡುವಲನ್ನು ಆರಿಸಿಕೊಂಡದ್ದು ನಾನೇ. "ಅಣ್ಣಾ, ಸಾಹೇಬರು ಬರೋದು ಬೆಳಿಗ್ಗೆ ಹತ್ತಕ್ಕೆ. ಆಗ ನೆರಳು ಪಡುವಲಿಗಿರ್ತದೆ. ಅವರೂರ ಜನಾನೂ ನಮ್ಮ ಕಡೆಗೇ ಬರ್ತಾರೆ."

"ಎಲಾ ಇವನ! ಮೂರನೇ ಕ್ಲಾಸಿಗೇ ಇಷ್ಟು ಬುದ್ಧಿ!" ಅಂತ ಚೇರ್ಮನ್ನರು ಬೆನ್ನು ತಟ್ಟಿದರು.

ನಾನು ಹೇಳಿದ ಹಾಗೇ ಹತ್ತು ಗಂಟೆಗೆ ಎರಡೂ ಊರು ನಮ್ಮ ಕಡೆ. ಸಾಹೇಬರು ಮಾತ್ರ ಸರ್ಕಾರಿ ಸಾಹೇಬರು. ಅವರ ಜೀಪು ಬಂದದ್ದು ಮೂರೂವರೆಗೆ. ಅಷ್ಟರಲ್ಲಿ ನೆರಳು ಮೂಡಲಿಗೆ ಸರಿದಿತ್ತು. ನೆರಳಿನ ಹಿಂದೆ ಎರಡೂ ಊರು ಚಾಪೆ ಎಳೆದುಕೊಂಡು ಸರಿದಿದ್ದವು.

ಸಾಹೇಬರು ಎಣಿಸಿದರು. ಪಡುವಲಿಗೆ ಒಂದೇ ತಲೆ. ಸುಡು ಬಿಸಿಲಲ್ಲಿ ಟವೆಲು ಹೊದ್ದು ನಿಂತ ಚೇರ್ಮನ್ನರದು. ಅವರು ಕಣ್ಣು ಕಿರಿದು ಮಾಡಿ ಹುಡುಕಿದರು. ನಾನು ಚೀಲ ತಲೆದಿಂಬು ಮಾಡಿಕೊಂಡು ನೆರಳಲ್ಲಿ ಮಲಗಿದ್ದೆ.

"ಲೇ, ನೀನೂನಾ!"

"ಬಿಸಿಲು ಕಣಣ್ಣಾ..."

ಕೆಳಗಿನೂರಿನ ಚೇರ್ಮನ್ನರಿಗೆ ಖುಷಿಯೋ ಖುಷಿ. "ಪಡುವಲು ಆರಿಸಿದ ಇವನಿಂದಲೇ ಗೆದ್ದಿದ್ದು ಸ್ವಾಮಿ. ಗಂಟೆ ಹೊಡೆಯೋ ಕೆಲಸ ಇವನಿಗೇ ಕೊಡಿ" ಅಂದರು.

ಸೋತರೂ ಕೆಲಸ ಸಿಕ್ಕಿತು! ಎದ್ದು ಕೈ ಮುಗಿದೆ. ಸಾಹೇಬರು ಕನ್ನಡಕ ಏರಿಸಿದರು. "ಜವಾನನಾದರೂ ಸ್ವಲ್ಪ ಲೆಕ್ಕ ಬರಬೇಕಪ್ಪಾ. ಎಲ್ಲಿ, ಹದಿಮೂರರ ಮಗ್ಗಿ ಹೇಳು."

"ಹದಿಮೂರೊಂದ್ಲ ಹದಿಮೂರು" ಅಂದೆ. ಅಂದು, ಬಗ್ಗಿ ಹಾಸಿಕೊಂಡಿದ್ದ ನನ್ನ ಟವೆಲು ಮಡಿಸಿದೆ, ಬಾಚಣಿಗೆ ಹುಡುಕಿ ಚೀಲಕ್ಕೆ ಹಾಕಿದೆ. ದಾಬಸ್‌ಪೇಟೆ ಕಡೆ ಲಾರಿಗಳಿಗೆ ಸರಕು ತುಂಬಲು ಆಳು ಬೇಕಂತೆ ಅಂತ ಕೇಳಿದ್ದೆ.

ಚೀಲದ ಬಾಯಿಗೆ ದಾರ ಬಿಗಿಯುವಾಗಲೂ ಸಾಹೇಬರು ಕಾಯುತ್ತಲೇ ಇದ್ದರು. "ಹೇಳಪ್ಪಾ, ಹದಿಮೂರೆರಡ್ಲ?"