ಅವ್ವನ ಬಾಯಿಗೆ ಮೊಮ್ಮಗಳ ಹಲ್ಲು

ಕುಡಿದು ಕೆಟ್ಟವರನ್ನು ನೀವು ನೋಡಿರುತ್ತೀರಿ, ಇಸ್ಪೀಟಾಡಿ ಕೆಟ್ಟವರನ್ನೂ ನೋಡಿರುತ್ತೀರಿ. ನಾನು ಪೇಪರ್ ಓದಿ ಕೆಟ್ಟವನು!

ಸುಮಾರು ಇಪ್ಪತ್ತು ವರ್ಷದ ಹಿಂದೆ ಚಳ್ಳಕೆರೆ ಹತ್ತಿರದ ತಳಕಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮಕ್ಕಳ ಹಾಲುಹಲ್ಲಿನ ತಿರುಳಿನಲ್ಲಿ ಆಕರಕೋಶ ಎಂಬ ಜೀವಕೋಶಗಳಿವೆ, ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಮುಂದೊಂದು ದಿನ ಮೂಳೆ, ಹಲ್ಲು ಎಲ್ಲವನ್ನೂ ಹೊಸದಾಗಿ ಪಡೆಯಬಹುದು ಎಂದು ಒಂದು ಭಾನುವಾರ ಓದಿದೆ. ‘ಮುಂದೊಂದು ದಿನ’ ಎಂಬ ಎರಡು ಪದ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಅವ್ವನಿಗೆ ಒಂದೂ ಹಲ್ಲಿರಲಿಲ್ಲ. ಕಡ್ಲೆಕಾಯಿ ಎಂದರೆ ಪ್ರಾಣ. ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲೇ ಹುರಿದ ಬೀಜ ಕುಟ್ಟಿಕೊಂಡು, “ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ” ಎಂದು ನಿಟ್ಟುಸಿರು ಬಿಡುತ್ತಿದ್ದಳು. ಹಲ್ಲುಸೆಟ್ಟು ಕಟ್ಟಿಸೋಣವೆಂದರೆ, “ಯಾರ ಹಲ್ಲೋ ಏನೋ, ನಮ್ದಲ್ಲದ್ದು ನಮ್ಮ ಬಾಯಾಗ್ಯಾಕೆ?” ಎನ್ನುತ್ತಿದ್ದಳು.

ಅಷ್ಟರಲ್ಲಿ ಮಗಳು ಕಮಲಿಯ ಮುಂದಿನ ಹಲ್ಲು ಅಲ್ಲಾಡತೊಡಗಿತು. “ಅವ್ವ, ಇದ್ರಿಂದ್ಲೇ ನಿಂಗೆ ಹೊಸ ಹಲ್ಲು ಬೆಳೆಸ್ತೀನಿ!” ಎಂದು ಘೋಷಿಸಿದೆ.

“ಮೊಮ್ಮಗಳದ್ದಾದ್ರೆ ನಮ್ದೇ ಬಿಡು,” ಎಂದು ಅವ್ವ ಒಂದು ಡಬ್ಬಿ ತುಂಬ ಕಡ್ಲೆಬೀಜ ಹುರಿದಿಟ್ಟಳು.

ಗುರುವಾರ ಶಾಲೆಯಿಂದ ಬಂದಾಗ ಹಲ್ಲು ಬಿದ್ದಿತ್ತು.

“ಎಲ್ಲಿ ಅವ್ವ?”

“ಸಗಣಿಯಾಗಿಟ್ಟು ಮಾಳಿಗೆ ಮ್ಯಾಲೆ ಎಸ್ದೆ.”

“ಅಯ್ಯೋ, ಅದು ನಿನ್ನ ಹಲ್ಲವ್ವ!”

“ಲೇ ತಿಪ್ಪೇಶಿ, ಮೊದ್ಲು ಕೂಸಿಗೆ ಹಲ್ಲು ಬರ್ಬೇಕಲ್ಲೋ. ನಂದು ಆಮ್ಯಾಕೆ!”

ಏಣಿ ಹಾಕಿ ಮಾಳಿಗೆ ಹತ್ತಿ, ಸಗಣಿ ಹಿಚುಕುತ್ತ ಕೂತೆ. ಪಕ್ಕದ ಮನೆಯ ಓಬಣ್ಣ ಕೆಳಗಿನಿಂದ ಕೂಗಿದ. “ಏನ್ ಮೇಷ್ಟ್ರೇ ಅದು?”

“ಹಲ್ಲು ಹುಡುಕ್ತಿದೀನಿ.”

ಓಬಣ್ಣ ದನಿ ತಗ್ಗಿಸಿದ. “ಅಕ್ಕಾರು ಹೊಡೆದ್ರಾ?”

ದೀಪ ಹಚ್ಚುವ ಹೊತ್ತಿಗೆ, ನನ್ನ ಹೆಂಡತಿ ಸುಜಾತ ನನ್ನ ಹಲ್ಲುದುರಿಸಿದ್ದಾಳೆ ಎಂದು ಇಡೀ ಬೀದಿಗೆ ಗೊತ್ತಾಗಿತ್ತು.

ಹೇಗೋ ಹಲ್ಲು ಸಿಕ್ಕಿತು! ತೊಳೆದು, ಪೇಪರಿನಲ್ಲಿ ಹೇಳಿದ್ದಂತೆ ಒಂದು ಲೋಟ ಹಾಲಿನಲ್ಲಿ ಮುಳುಗಿಸಿ, ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿಟ್ಟೆ. ಬೆಳಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಯ ಹಲ್ಲಿನ ಡಾಕ್ಟರ ಬಳಿ ಒಯ್ಯುವುದೆಂದು ತೀರ್ಮಾನವಾಯಿತು. ಲೋಟಕ್ಕೆ ಚೀಟಿ ಅಂಟಿಸಲಿಲ್ಲ. ಸೀಸೆಗೆ ಚೀಟಿ ಅಂಟಿಸದ ಮಕ್ಕಳನ್ನು ಪ್ರಯೋಗಾಲಯದಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನೇ!

ಬೆಳಗ್ಗೆ ಬಸ್ಸಿನ ಆತುರ. ಸುಜಾತ ಮೊಸರನ್ನ ಬಡಿಸಿದಳು. ಮುದ್ದೆಯಾಗಿದ್ದರೆ ನುಂಗಿ ಎದ್ದಿರುತ್ತಿದ್ದೆ. ಅನ್ನವಾದ್ದರಿಂದ ಅಗಿದೆ.

ಕಟ್!

ಕಣ್ಣೆದುರು ಬ್ರಹ್ಮಗಿರಿ ಬೆಟ್ಟವೇ ತಿರುಗಿತು. ಕೈಗೆ ಉಗುಳಿಕೊಂಡರೆ ಕಮಲಿಯ ಹಲ್ಲು, ಜೊತೆಗೆ ನನ್ನ ದವಡೆಹಲ್ಲಿನ ಚೂರು.

“ಸುಜಾತಾ, ಈ ಮೊಸರು ಎಲ್ಲೀದು?”

“ಗಡಿಗೆ ಪಕ್ಕ ಲೋಟದಾಗೆ ಹಾಲಿತ್ತಲ್ರಿ, ಕೆಡ್ತೈತೆ ಅಂತ ರಾತ್ರಿ ಹೆಪ್ಪು ಹಾಕ್ದೆ.”

ಕೆನ್ನೆ ಹಿಡಿದುಕೊಂಡೇ ಚಳ್ಳಕೆರೆಗೆ ಹೋದೆ. ಡಾಕ್ಟರು ನನ್ನ ಕಥೆಯನ್ನೆಲ್ಲ ಗಂಭೀರವಾಗಿ ಕೇಳಿದರು. “ಹಾಲಲ್ಲಿಟ್ಟಿದ್ದು ಸರಿ ಮೇಷ್ಟ್ರೇ. ಹೆಪ್ಪು ಹಾಕಿದ್ಯಾಕೆ?” ಎಂದು ಕೇಳಿ, ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ವಿವರಿಸಿದರು. “ತಿರುಳು ಜೀವಂತ ಇರ್ಬೇಕು, ತಣ್ಣಗಿಟ್ಟು ಬೇಗ ಲ್ಯಾಬು ಮುಟ್ಟಿಸ್ಬೇಕು. ಅಲ್ಲಿ ವಾರಗಟ್ಟಲೆ ಕೋಶ ಬೆಳೆಸ್ತಾರೆ. ಅಷ್ಟು ಮಾಡಿದ್ರೂ ಯಾರ ಬಾಯಲ್ಲೂ ಇನ್ನೂ ಪೂರ್ತಿ ಹಲ್ಲು ಬೆಳೆದಿಲ್ಲ. ಅದಿರ್ಲಿ, ನಿಮ್ಮ ದವಡೆಹಲ್ಲು ಸೀಳೈತೆ. ಬಾಯಿ ತೆಗೀರಿ, ಕೀಳ್ತೀನಿ.”

ಬಾಯಲ್ಲಿ ಹತ್ತಿ ತುರುಕಿಕೊಂಡು, ಕಿತ್ತ ಹಲ್ಲನ್ನು ಜೇಬಿಗಿಳಿಸಿ ಮನೆಗೆ ಬಂದೆ. ಅವ್ವ ಜಗಲಿಯ ಮೇಲೆ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದಳು. ಅವಳ ಮುಖ ನೋಡಲು ನಾಚಿಕೆಯಾಯಿತು. ಹತ್ತಿ ತೆಗೆದು ಬಾಯಿ ತೋರಿಸಿದೆ.

ಅವ್ವ ಇಣುಕಿ ನೋಡಿದಳು. ಬೊಚ್ಚುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಹಲ್ಲು ಇಸಿದುಕೊಂಡು, ಸಗಣಿಯಲ್ಲಿಟ್ಟು, ತಾನೇ ಮಾಳಿಗೆಗೆ ಎಸೆದಳು. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಬೀಜ ಕುಟ್ಟಾಣಿಗೆ ಸುರಿದು, ಕುಟ್ಟಿ, ಎರಡು ಪಾಲು ಮಾಡಿ, ದೊಡ್ಡದನ್ನು ನನ್ನ ಕೈಗಿಟ್ಟಳು.

“ನೋವು ಇಳಿದ ಮ್ಯಾಲೆ ತಿನ್ನು ಮಗ. ಒಬ್ಳೇ ಕುಟ್ಕಂಡು ತಿಂದು ಬ್ಯಾಸರಾಗಿತ್ತು.”

ಮೂರು ತಿಂಗಳಿಗೆ ಕಮಲಿಗೆ ಹೊಸ ಹಲ್ಲು ಬಂತು. ನನ್ನದಕ್ಕಾಗಿ ಅವ್ವ ಆಗಾಗ ಬಾಯಿ ತೆಗೆಸಿ ನೋಡುತ್ತಲೇ ಇದ್ದಳು.